ಎಲ್ಲರ ಮನೆಗೆ ಬೀಗ ಹಾಕುವವರು ಯಾರು?

ನೀರು ಮಂಜುಗಡ್ಡೆಯಾದಾಗ ಕುಗ್ಗುವುದಿಲ್ಲ, ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು ಮರೆತಿದ್ದೇವೆ. ಮರೆತರೂ ನಮಗೇನೂ ನಷ್ಟವಾಗಿಲ್ಲ. ನಮ್ಮ ಊರಿನ ನಲ್ಲಿಗಳಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ! ಆದರೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಈ ಸಣ್ಣ ಪಾಠವನ್ನು ಮರೆತ ಕುಟುಂಬವು ದೊಡ್ಡ ಬೆಲೆ ತೆರಬೇಕಾಗುತ್ತದೆ.

ಒಂಟಾರಿಯೋದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರೋವರಗಳಿವೆ. ಮಸ್ಕೋಕಾ, ಕವಾರ್ಥಾ, ಹಾಲಿಬರ್ಟನ್ ಮುಂತಾದ ಕಡೆಗಳಲ್ಲಿ ಸರೋವರದ ದಡದುದ್ದಕ್ಕೂ ಮರದ ಮನೆಗಳಿವೆ. ಅವರು ಅದನ್ನು ಕಾಟೇಜ್ ಎನ್ನುತ್ತಾರೆ. ಅಜ್ಜ ಕಟ್ಟಿಸಿದ ಇಂತಹ ಮನೆಗಳಿಗೆ ಇಂದು ಮಕ್ಕಳು, ಮೊಮ್ಮಕ್ಕಳು ಜಂಟಿ ಒಡೆಯರಾಗಿರುವುದು ಸಾಮಾನ್ಯ. ಮೇ ತಿಂಗಳಲ್ಲಿ ಬಾಗಿಲು ತೆರೆಯುತ್ತದೆ. ಅಕ್ಟೋಬರ್‌ನ ಎರಡನೆಯ ಸೋಮವಾರ ಬರುವ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅನೇಕರು ಮನೆಯನ್ನು ಮುಚ್ಚುತ್ತಾರೆ. ಮುಚ್ಚುವುದೆಂದರೆ ಬರೀ ಬೀಗ ಹಾಕುವುದಲ್ಲ, ಎರಡು ದಿನಗಳ ದುಡಿಮೆ.

ಹನಿ ನೀರೂ ಉಳಿಯಬಾರದು

ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಖಾಲಿ ಮನೆಯ ಕೊಳವೆಯಲ್ಲಿ ಉಳಿದ ನೀರು ಗಡ್ಡೆಯಾಗಿ ಹಿಗ್ಗಿದರೆ ತಾಮ್ರವೂ ಸೀಳುತ್ತದೆ. ಆಗ ಯಾರಿಗೂ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಪಂಪ್ ಚಾಲೂ ಮಾಡಿದ ಕೂಡಲೇ ಗೋಡೆಯೊಳಗಿಂದ ನೀರು ಸುರಿಯತೊಡಗುತ್ತದೆ.

ಆದ್ದರಿಂದ ಮೊದಲ ಕೆಲಸ ಗೀಸರಿನ ವಿದ್ಯುತ್ ಆರಿಸುವುದು. ಖಾಲಿ ಗೀಸರಿಗೆ ವಿದ್ಯುತ್ ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ನಂತರ ಪಂಪ್ ನಿಲ್ಲಿಸಿ, ಸರೋವರದಲ್ಲಿರುವ ಪೈಪನ್ನು ಫುಟ್ ವಾಲ್ವ್ ಸಮೇತ ಮೇಲೆಳೆಯುತ್ತಾರೆ. ಅತಿ ಕೆಳಗಿನ ನಲ್ಲಿಯನ್ನು ತೆರೆದಿಟ್ಟು, ಗಾಳಿಯಾಡಲು ಮೇಲಿನ ನಲ್ಲಿಗಳನ್ನೂ ಬಿಚ್ಚುತ್ತಾರೆ. ಗೀಸರ್, ಫ್ಲಶ್ ಟ್ಯಾಂಕ್, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಬರಿದಾಗಬೇಕು.

ಸಿಂಕಿನ ಕೆಳಗಿನ ಬಾಗಿದ ಕೊಳವೆಯನ್ನು ಮಾತ್ರ ಬರಿದಾಗಿ ಬಿಡುವಂತಿಲ್ಲ. ಅಲ್ಲಿ ನಿಂತಿರುವ ನೀರೇ ಕೊಳಚೆ ಗುಂಡಿಯ ದುರ್ನಾತವನ್ನು ತಡೆಯುವುದು. ಹಾಗಾಗಿ ಅಲ್ಲಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರಿಯುತ್ತಾರೆ. ಇದು ಪ್ರೊಪಿಲೀನ್ ಗ್ಲೈಕಾಲ್‌ನಿಂದ ಮಾಡಿದ ದ್ರವ. ಕಾರುಗಳಿಗೆ ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ಇಲ್ಲಿ ಸಲ್ಲದು. ಸಿಹಿಯಾಗಿರುವ ಆ ವಿಷವನ್ನು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುತ್ತವೆ.

ಇಲಿ, ಕರಡಿ, ಹಿಮ

ಮನುಷ್ಯರು ಹೊರಟರೆ ಇಲಿಗಳು ಒಳಬರುತ್ತವೆ. ಗೋಡೆಯ ಸಂದುಗಳಿಗೆ ಸ್ಟೀಲಿನ ನಾರು ತುರುಕುತ್ತಾರೆ. ಹಿಟ್ಟು, ಧಾನ್ಯ, ಬಿಸ್ಕತ್ತು ಏನನ್ನೂ ಬಿಡುವುದಿಲ್ಲ. ಹೆಪ್ಪುಗಟ್ಟಿ ಒಡೆಯುವ ಶರಬತ್ತಿನ ಬಾಟಲಿಗಳನ್ನೂ ಒಯ್ಯುತ್ತಾರೆ. ಹೊರಗೆ ಕಸ ಬಿಟ್ಟರೆ ಕರಡಿಯನ್ನು ಕರೆದಂತೆ. ಬೂಷ್ಟು ಹಿಡಿಯದಂತೆ ಫ್ರಿಜ್ಜಿನ ಬಾಗಿಲನ್ನು ತುಸು ತೆರೆದಿಡುತ್ತಾರೆ. ತೇಲುವ ಮರದ ದಕ್ಕೆಯನ್ನು ಸರೋವರದ ಗಡ್ಡೆ ಮುರಿಯದಂತೆ ದಡಕ್ಕೆ ಎಳೆಯುತ್ತಾರೆ. ಹೊಸ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ, ಒದ್ದೆ ಹಿಮ ಅದರ ಎರಡು ಮೂರು ಪಟ್ಟು. ಮಾಡು ಕುಸಿಯದಂತೆ ಅದನ್ನು ಸರಿಸಲು ಸ್ಥಳೀಯರೊಬ್ಬರನ್ನು ಗೊತ್ತುಪಡಿಸಬೇಕು.

ಆದರೆ ಮಾಡುವವರು ಯಾರು?

ಓದುಗರೇ, ನಿಜವಾದ ಕಷ್ಟ ಇರುವುದು ಇಲ್ಲಿ. ಜುಲೈ ತಿಂಗಳಲ್ಲಿ ಎಲ್ಲರಿಗೂ ಕಾಟೇಜ್ ಬೇಕು. ಅಕ್ಟೋಬರ್‌ನ ಚಳಿಯಲ್ಲಿ ಪೈಪು ಎಳೆಯಲು ಒಬ್ಬನೇ ಬರುತ್ತಾನೆ. ತಂಗಿ ಮಾಡಿರಬೇಕೆಂದು ಅಣ್ಣ, ಅಣ್ಣ ಮಾಡಿರಬೇಕೆಂದು ತಂಗಿ ಸುಮ್ಮನಿದ್ದರೆ ಕೊಳವೆ ಸೀಳುತ್ತದೆ. ಕೊಳವೆಯನ್ನು ಪ್ಲಂಬರ್ ಸರಿಪಡಿಸಿಯಾನು, ಆಮೇಲೆ ಆಡಿದ ಮಾತುಗಳನ್ನು ಸರಿಪಡಿಸುವವರು ಯಾರು?

ಜಾಣ ಕುಟುಂಬಗಳು ಇದಕ್ಕೆ ಸರಳ ಉಪಾಯ ಕಂಡುಕೊಂಡಿವೆ. ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗೆ ಕೆಲಸಗಳ ಪಟ್ಟಿ ಅಂಟಿಸುತ್ತಾರೆ. ಮಾಡಿದವರು ಪ್ರತಿಯೊಂದರ ಮುಂದೆ ಹೆಸರು, ದಿನಾಂಕ ಬರೆಯುತ್ತಾರೆ. ಸರದಿ ಮೊದಲೇ ಗೊತ್ತಾಗಿರುತ್ತದೆ. ಸಾವಿರಾರು ಕಿಲೋಮೀಟರ್ ದೂರದ ವ್ಯಾಂಕೂವರ್‌ನಲ್ಲಿರುವ ತಮ್ಮನಿಗೆ ಬರಲಾಗದಿದ್ದರೆ ಆತ ಸಾಮಾನ್ಯ ನಿಧಿಗೆ ಹೆಚ್ಚು ಕೊಡುತ್ತಾನೆ. ನೆಲದ ಹಲಗೆಯಡಿ ಯಾವ ವಾಲ್ವ್ ಇದೆಯೆಂಬುದು ತಂದೆಯ ತಲೆಯಲ್ಲಿ ಮಾತ್ರ ಇದ್ದರೆ ಅವರೊಂದಿಗೇ ಅದೂ ಹೋಗುತ್ತದೆ. ಹಾಗಾಗಿ ಮಕ್ಕಳ ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸುತ್ತಾರೆ.

ಇನ್ನೂ ಒಂದು ಪೆಟ್ಟಿದೆ. ಕೆನಡಾದಲ್ಲಿ ವಾರಸು ತೆರಿಗೆ ಇಲ್ಲ. ಆದರೆ ಆಸ್ತಿಯ ಬೆಲೆ ಏರಿದ್ದರ ಮೇಲಿನ ತೆರಿಗೆ 1972ರಿಂದ ಜಾರಿಯಲ್ಲಿದೆ. ಒಡೆಯ ತೀರಿಕೊಂಡಾಗ ಮನೆಯನ್ನು ಅಂದಿನ ಮಾರುಕಟ್ಟೆ ದರಕ್ಕೆ ಮಾರಿದಂತೆ ಲೆಕ್ಕ ಹಾಕಲಾಗುತ್ತದೆ. ಪತಿ ಅಥವಾ ಪತ್ನಿಗೆ ಹೋದರೆ ಇದನ್ನು ಮುಂದೂಡಬಹುದು. ಮಕ್ಕಳಿಗೆ ಬರುವಾಗ ಸಾಮಾನ್ಯವಾಗಿ ಆ ಲೆಕ್ಕ ತಪ್ಪದು. ಅಜ್ಜ ಅಗ್ಗಕ್ಕೆ ಕೊಂಡ ಜಾಗಕ್ಕೆ ಇಂದು ಚಿನ್ನದ ಬೆಲೆ. ಕಟ್ಟಲು ಹಣವಿಲ್ಲದೆ, ಒಮ್ಮತವೂ ಇಲ್ಲದೆ ಮನೆ ಮಾರಿದ ಒಡಹುಟ್ಟಿದವರಿದ್ದಾರೆ. ಹಿರಿಯರು ಬದುಕಿರುವಾಗಲೇ ಯಾರ ಪಾಲೆಷ್ಟು, ಖರ್ಚೆಷ್ಟು, ಬೇಡವಾದವರು ಹೊರಬರುವುದು ಹೇಗೆ ಎಂದು ಲಿಖಿತವಾಗಿ ಒಪ್ಪಂದ ಮಾಡಿಕೊಳ್ಳಬೇಕೆಂದು ಅಲ್ಲಿನ ವಕೀಲರು ಸಲಹೆ ನೀಡುವುದು ಇದಕ್ಕೇ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಮಳೆ ಬೀಳುತ್ತದೆ. ಕರಾವಳಿಯ, ಮಲೆನಾಡಿನ ಎಷ್ಟೋ ಹಿರಿಯರ ಮನೆಗಳಿಗೆ ಇಂದು ನಾಲ್ಕೈದು ಮಂದಿ ಹಕ್ಕುದಾರರು. ಒಬ್ಬರು ದುಬೈಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ. ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸುವವರು, ದಂಬೆಯ ಕಸ ತೆಗೆಯುವವರು, ಪಕಾಸಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವವರು ಯಾರು? ಪಾಲು ಕೇಳುವಾಗ ನಾವು ಎಲ್ಲರೂ ಮುಂದೆ ಇರುತ್ತೇವೆ. ಏಣಿ ಹಿಡಿಯುವಾಗಲೂ ಹಾಗೆಯೇ ಇರುತ್ತೇವೆಯೇ?

ಮುಂದಿನ ಮಳೆಗಾಲಕ್ಕೆ ಮೊದಲು ನೀವೂ ಒಂದು ಪಟ್ಟಿ ಬರೆಯಿರಿ. ಪ್ರತಿ ಕೆಲಸದ ಮುಂದೆ ಒಂದು ಹೆಸರಿರಲಿ. ಮೊದಲ ಸಾಲಿನಲ್ಲಿ ನಿಮ್ಮದೇ ಹೆಸರು ಬರೆದರೆ ಉಳಿದವರಿಗೆ ಬರೆಯಲು ಸುಲಭವಾಗುತ್ತದೆ.