ಒಂದು ಸಂಬಳ, ಮೂರು ಲೆಕ್ಕ

ಅಮೆರಿಕದಲ್ಲಿ ದುಡಿಯುವವರು ಮರೆಯಬಾರದ ದಿನಾಂಕ ಏಪ್ರಿಲ್ 15. ಹಿಂದಿನ ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಸಾಮಾನ್ಯವಾಗಿ ಅದೇ ಕಡೆಯ ದಿನ. 2019ರಲ್ಲಿ ನಾನು ಆ ದಿನವನ್ನು ಮರೆತಿರಲಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕವನ್ನೆಲ್ಲ ತುಂಬಿ ಕಳುಹಿಸಿದೆ. ಮರುದಿನ ‘ಸ್ವೀಕರಿಸಲಾಗಿದೆ’ ಎಂಬ ಉತ್ತರವೂ ಬಂತು. ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆ ನೆಮ್ಮದಿ ಒಂದೂವರೆ ವರ್ಷ ಬಾಳಿತು. ಬಳಿಕ ನಾನು ವಾಸವಿದ್ದ ನ್ಯೂಜೆರ್ಸಿ ರಾಜ್ಯದಿಂದ ಪತ್ರ ಬಂತು: 2018ರ ನಿಮ್ಮ ರಿಟರ್ನ್ ನಮಗೆ ತಲುಪಿಲ್ಲ. ಹಳೆಯ ದಾಖಲೆ ತೆಗೆದು ನೋಡಿದರೆ ತಪ್ಪು ನನ್ನದೇ. ಅಂದು ಸ್ವೀಕೃತವಾದದ್ದು ಫೆಡರಲ್ ಸರ್ಕಾರದ ರಿಟರ್ನ್ ಮಾತ್ರ. ರಾಜ್ಯದ್ದನ್ನು ಬೇರೆಯಾಗಿಯೇ ಕಳುಹಿಸಬೇಕಿತ್ತು. ಅದಕ್ಕೆ ತೆರಬೇಕಾಗಿದ್ದ ಶುಲ್ಕದ ಪುಟದಲ್ಲಿಯೇ ನಾನು ನಿಂತುಬಿಟ್ಟಿದ್ದೆ.

ನನ್ನ ಕಚೇರಿ ಇದ್ದದ್ದು ನದಿಯಾಚೆಯ ನ್ಯೂಯಾರ್ಕ್ ನಗರದಲ್ಲಿ. ಹೀಗಾಗಿ ಒಂದೇ ಸಂಬಳಕ್ಕೆ ಮೂರು ಲೆಕ್ಕ: ಫೆಡರಲ್ ಸರ್ಕಾರಕ್ಕೊಂದು, ದುಡಿದ ನೆಲವೆಂದು ನ್ಯೂಯಾರ್ಕಿಗೊಂದು, ವಾಸದ ನೆಲವೆಂದು ನ್ಯೂಜೆರ್ಸಿಗೊಂದು. ನ್ಯೂಯಾರ್ಕಿಗೆ ಕಟ್ಟಿದ ತೆರಿಗೆಗೆ ನ್ಯೂಜೆರ್ಸಿ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಆ ವಿನಾಯಿತಿಯನ್ನು ಕೇಳಬೇಕಾದದ್ದೂ ರಿಟರ್ನಿನ ಮೂಲಕವೇ. ನಾನು ತೆರಬೇಕಾಗಿದ್ದ ತೆರಿಗೆ ಅಲ್ಪ; ಅದರ ಬೆನ್ನಿಗೆ ದಂಡ ಮತ್ತು ಬಡ್ಡಿ ಬಂದವು. ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಗೆ ಬಂದು ಕೆಲಸ ಮಾಡುವವರಿಗಾದರೋ ಈ ಗೋಜಿಲ್ಲ. ಆ ಎರಡು ರಾಜ್ಯಗಳ ನಡುವೆ ಒಪ್ಪಂದವಿರುವುದರಿಂದ ಅವರ ಸಂಬಳಕ್ಕೆ ವಾಸದ ರಾಜ್ಯದ ತೆರಿಗೆಯಷ್ಟೇ.

ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಟೆಕ್ಸಾಸ್ ಮತ್ತು ಫ್ಲಾರಿಡಾಗಳಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಎಲ್ಲರಿಗೂ ಶೇ 3.07. ಕ್ಯಾಲಿಫೋರ್ನಿಯಾದಲ್ಲಿ ಮೇಲ್ಮಟ್ಟದ ದರ ಶೇ 13.3. ವರ್ಜೀನಿಯಾದಲ್ಲಿ ಕಡೆಯ ದಿನವೇ ಮೇ 1. ಈ ವೈವಿಧ್ಯಕ್ಕೆ ಚರಿತ್ರೆಯ ಕಾರಣವಿದೆ. ವಿಸ್ಕಾನ್ಸಿನ್ ರಾಜ್ಯ ಆಧುನಿಕ ರೀತಿಯ ಆದಾಯ ತೆರಿಗೆ ತಂದದ್ದು 1911ರಲ್ಲಿ. ಈಗಿನ ಫೆಡರಲ್ ತೆರಿಗೆಗೆ ದಾರಿ ಮಾಡಿದ ಸಂವಿಧಾನದ 16ನೇ ತಿದ್ದುಪಡಿ ಬಂದದ್ದು 1913ರಲ್ಲಿ. ಅಲ್ಲಿನ ರಾಜ್ಯಗಳು ತೆರಿಗೆಯ ವಿಷಯದಲ್ಲಿ ಯಾರ ಕೈಯನ್ನೂ ಕಾಯುವುದಿಲ್ಲ.

ಊರಿಗೆ ಮರಳಿದ ಮೇಲೆ ಈ ಪ್ರಸಂಗವನ್ನು ಮೈಸೂರಿನಲ್ಲಿರುವ ಸೋದರಮಾವನಿಗೆ ಹೇಳಿದೆ. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ. ‘ದಂಡ ಕಟ್ಟಿದ್ದು ಹೋಗಲಿ ಬಿಡೋ’ ಎಂದರು. ‘ನಿನ್ನ ರಾಜ್ಯ ನಿನ್ನಿಂದ ಎಷ್ಟು ತೆಗೆದುಕೊಂಡಿತೆಂದು ನಿನಗೆ ಗೊತ್ತು. ನಾನು ಮೂವತ್ತು ವರ್ಷ ಆದಾಯ ತೆರಿಗೆ ಕಟ್ಟಿದೆ. ಅದರಲ್ಲಿ ಕರ್ನಾಟಕಕ್ಕೆ ಎಷ್ಟು ಬಂತೆಂದು ಒಬ್ಬರೂ ಹೇಳಲಿಲ್ಲ.’

ಮಾವನ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲಿನ ತೆರಿಗೆ ಮಾತ್ರ ರಾಜ್ಯಗಳದ್ದು. ಉಳಿದ ಆದಾಯದ ತೆರಿಗೆ ಕೇಂದ್ರದ್ದು. ಸಂಬಳದಾರನಿಂದ ರಾಜ್ಯ ನೇರವಾಗಿ ಪಡೆಯುವುದು ವೃತ್ತಿ ತೆರಿಗೆ. ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಆದಾಯ ತೆರಿಗೆಯ ಪಾಲನ್ನು ಹಣಕಾಸು ಆಯೋಗದ ಸೂತ್ರ ನಿರ್ಧರಿಸುತ್ತದೆ. 15ನೇ ಆಯೋಗ 2021ರಿಂದ 2026ರವರೆಗೆ ಹಂಚಿಕೆಯ ತೆರಿಗೆಯಲ್ಲಿ ಶೇ 41ನ್ನು ರಾಜ್ಯಗಳಿಗೆ ನೀಡಿತು. ಅದರಲ್ಲಿ ಕರ್ನಾಟಕದ ಪಾಲು ಶೇ 3.647. ಹಿಂದಿನ ಆಯೋಗದಲ್ಲಿ ಅದು ಶೇ 4.713 ಇತ್ತು. ಇಷ್ಟು ದೊಡ್ಡ ಇಳಿಕೆ ಯಾವೊಬ್ಬ ತೆರಿಗೆದಾರನ ರಿಟರ್ನಿನಲ್ಲಿಯೂ ಕಾಣಲಿಲ್ಲ.

ಇದರರ್ಥ ನಮಗೂ ಎರಡು ರಿಟರ್ನ್ ಬೇಕೆಂದಲ್ಲ. ಆ ಕಷ್ಟವನ್ನು ಅನುಭವಿಸಿದವನು ನಾನು. ಸಿರಿವಂತ ರಾಜ್ಯದ ತೆರಿಗೆಯಲ್ಲಿ ಬಡ ರಾಜ್ಯಕ್ಕೂ ಪಾಲಿರಬೇಕೆಂಬ ನಮ್ಮ ಸೂತ್ರದ ಆಶಯವೂ ಒಳ್ಳೆಯದೇ. ಆದರೆ ಹಂಚಿಕೆ ನ್ಯಾಯವಾದದ್ದಾದರೆ ಅದನ್ನು ತೆರಿಗೆದಾರನಿಗೆ ತೋರಿಸಲು ಸಂಕೋಚವೇಕೆ? ರಿಟರ್ನಿನ ಸ್ವೀಕೃತಿ ಪತ್ರದಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಗಳಿಗೆಷ್ಟು, ಅದರಲ್ಲಿ ನಮ್ಮ ರಾಜ್ಯಕ್ಕೆಷ್ಟು ಎಂಬ ಒಂದು ಸಾಲು ಸಾಕು.

ಅಮೆರಿಕದಲ್ಲಿ ಮಕ್ಕಳಿರುವ ತಂದೆತಾಯಿಗಳಿಗೆ ಒಂದು ಮಾತು. ಏಪ್ರಿಲ್‌ನಲ್ಲಿ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ, ರಾಜ್ಯದ ರಿಟರ್ನ್ ಹೋಯಿತೇ ಎಂದೂ ಕೇಳಿ.