ನಾಣ್ಯದ ಗಾಯವೂ ಅಚ್ಚಿನ ತಪ್ಪೂ



ಕೆಲವು ದಿನಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಐದನೆಯ ಜಾರ್ಜರ ಬೆಳ್ಳಿಯ ರೂಪಾಯಿಯೊಂದನ್ನು ತಂದು ತೋರಿಸಿದನು. ಅರಸರ ತಲೆಯ ಮೇಲ್ಗಡೆ, ಅಂಚಿನಲ್ಲಿ, ಒಂದು ಸಣ್ಣ ಗಂಟು ಎದ್ದಿದ್ದಿತು. ಇದು ಟಂಕಸಾಲೆಯ ಅಪರೂಪದ ತಪ್ಪೆಂದು ಹೇಳಿ, ಮಾರಿದವನು ಹತ್ತು ಪಟ್ಟು ಬೆಲೆ ತೆಗೆದುಕೊಂಡಿದ್ದನಂತೆ. ಪುಸ್ತಕಕ್ಕೆಂದು ಕೂಡಿಟ್ಟ ಹಣವದು. ಹುಡುಗನಿಗೆ ಹೇಳಿದುದನ್ನೇ ತಮ್ಮಲ್ಲಿಯೂ ಅರಿಕೆ ಮಾಡುತ್ತೇನೆ.

ಟಂಕಸಾಲೆಯಲ್ಲಿ ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಅಂಚನ್ನು ಒತ್ತಿ ಎಬ್ಬಿಸಿ, ಬಳಿಕ ಎರಡು ಉಕ್ಕಿನ ಅಚ್ಚುಗಳ ನಡುವೆ ಅದುಮುತ್ತಾರೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುವುದು. ಆದುದರಿಂದ ಅಚ್ಚೇ ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಚಾಕುವಿನ ಗೀರಾಗಲಿ, ಶರಾಫನು ಪರೀಕ್ಷೆಗೆಂದು ಒತ್ತಿದ ಗುರುತಾಗಲಿ ತಗ್ಗಾಗಿರುತ್ತದೆ. ನೇಗಿಲ ಸಾಲಿನ ಇಕ್ಕೆಲದ ಮಣ್ಣಿನಂತೆ, ಸರಿದ ಲೋಹವು ಪಕ್ಕದಲ್ಲಿ ಎದ್ದು ನಿಂತಿರುತ್ತದೆ.

ಕೆಲವು ವೇಳೆ ಒತ್ತಿದ ನಾಣ್ಯವು ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುವುದುಂಟು. ಆಗ ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಚಿತ್ರವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ ಬೀಳುತ್ತದೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಹಿಸುಕಿ ಇದನ್ನು ನಟಿಸುವವರಿದ್ದಾರೆ. ಆದರೆ ಅಂಥದರಲ್ಲಿ ಮೊದಲಿನ ಚಿತ್ರದ ಅವಶೇಷವು ಜಜ್ಜಿಹೋಗಿ ಕೆಳಗೆ ಉಳಿದೇ ಇರುತ್ತದೆ.

ಅಂಚು ತುಂಡಾದ ನಾಣ್ಯದ ಪರೀಕ್ಷೆ ಇನ್ನೂ ಸೊಗಸಾದುದು. ಬಿಲ್ಲೆಯೇ ಮೊದಲು ಊನವಾಗಿದ್ದರೆ, ಅಂಚೆಬ್ಬಿಸುವಾಗ ಊನದ ಕಡೆ ಒತ್ತಡ ಸಿಕ್ಕದು. ಅದರಿಂದ ಸರಿಯಾಗಿ ಎದುರುಗಡೆಯ ಅಂಚೂ ಸಾಮಾನ್ಯವಾಗಿ ಮಂಕಾಗಿರುವುದು. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಎದುರಂಚು ಗಟ್ಟಿಯಾಗಿಯೇ ಇರುತ್ತದೆ. ಕತ್ತರಿ ಹಿಡಿದವನಿಗೆ ಈ ವಿಷಯ ಹೊಳೆಯುವುದು ಅಪರೂಪ!

1911ರ ರೂಪಾಯಿಯಲ್ಲಿ ಅರಸರ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಂಡು ಜನರು ಆಕ್ಷೇಪಿಸಿದುದು ಬೇರೆಯ ಮಾತು. ಅದು ಚಿತ್ರದ ದೋಷ. 1912ರ ನಾಣ್ಯದಲ್ಲಿ ತಿದ್ದಿದರು.

ಇನ್ನು ನಮ್ಮ ಹುಡುಗನ ಗಂಟು. ಭೂತಗನ್ನಡಿಯಲ್ಲಿ ನೋಡಲು, ಗಂಟಿನ ಬಣ್ಣವು ಬೆಳ್ಳಿಗಿಂತ ತುಸು ಹಳದಿಯಾಗಿದ್ದಿತು. ಅಂಚಿನ ಸಣ್ಣ ಹಲ್ಲುಗಳು ಅಲ್ಲಿ ಮಾತ್ರ ಮುಚ್ಚಿಹೋಗಿದ್ದವು. ಅಚ್ಚಿನಿಂದ ಬಂದ ಉಬ್ಬು ನಾಣ್ಯದ ಲೋಹವೇ ಆಗಿರಬೇಕಷ್ಟೆ. ಇದು ಮೇಲಿನಿಂದ ಹತ್ತಿದ ಬೆಸುಗೆ. ರೂಪಾಯಿಗೆ ಬಳೆ ಬೆಸೆದು ಸರಕ್ಕೆ ಪೋಣಿಸುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದ್ದಿತು. ಯಾರೋ ಆ ಬಳೆಯನ್ನು ಕಿತ್ತು, ಗುರುತನ್ನು ಅರದಿಂದ ಉಜ್ಜಿದ್ದರು.

ಮಾರಿದವನು ಹಣವನ್ನು ಹಿಂದಿರುಗಿಸಲಿಲ್ಲ. ಹುಡುಗನು ಈಗ ಕೊಳ್ಳುವ ಮುನ್ನ ಭೂತಗನ್ನಡಿಯನ್ನು ಕೇಳಿಕೊಂಡು ನಮ್ಮ ಮನೆಗೆ ಬರುತ್ತಾನೆ.