ಒಂದು ನಾಯಿ ಹೋದ ಮೇಲೆ, ಇನ್ನೊಂದು ಬರುವ ಮುನ್ನ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾಯಿಯೊಂದರ ವೀರಗಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು ಅದು. ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯ ‘ಏನು ಬೇಕೋ ಕೇಳು’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಕೆತ್ತಿಸಿದ.

ಸಾವಿರ ವರ್ಷದ ಹಿಂದೆ ಊರೆದುರು ಕಲ್ಲು ನೆಟ್ಟು ಹೇಳಿಕೊಂಡ ದುಃಖವನ್ನು ಇಂದು ಎಷ್ಟೋ ಮಂದಿ ಮನೆಯೊಳಗೇ ನುಂಗಿಕೊಳ್ಳುತ್ತಾರೆ. ‘ಹೋಗಿದ್ದು ನಾಯಿ ತಾನೇ, ಇನ್ನೊಂದು ತಂದರಾಯಿತು’ ಎನ್ನುವವರ ಮುಂದೆ ಅಳುವುದು ಹೇಗೆ? ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಹೊರತಂದ ಪುಸ್ತಕದಲ್ಲಿ, ಸಮಾಜ ಒಪ್ಪದ ದುಃಖಗಳ ಬಗ್ಗೆ ಬರೆದರು. ಸೂತಕವಿಲ್ಲ, ರಜೆಯಿಲ್ಲ, ಬಂದು ಮಾತಾಡಿಸುವವರಿಲ್ಲ; ಹಾಗಾಗಿ ಅಂಥ ನೋವು ಆರುವುದು ತಡ. ನಾಯಿಯ ಸಾವು ಈ ಬಗೆಯದೇ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಅವರ ಮನೆಯ ನಾಯಿ ಸನ್ನಿ ತೀರಿಕೊಂಡಾಗ ಅವರು ಎಲ್ಲರೆದುರೇ ಅತ್ತರು. ಮರುವರ್ಷ ಮುಖ್ಯಮಂತ್ರಿಯಾಗಿ, ಚಾರ್ಲಿ ಎಂಬ ನಾಯಿಯ ಕಥೆಯಾದ ‘777 ಚಾರ್ಲಿ’ ಸಿನಿಮಾ ನೋಡಿ ಮತ್ತೆ ಕಣ್ಣೀರಿಟ್ಟರು. ನಾಯಿ ಸಾಕಿದ ಎಷ್ಟೋ ಮನೆಗಳು ಆ ಕಣ್ಣೀರಿನಲ್ಲಿ ತಮ್ಮನ್ನೇ ಕಂಡವು.

ಕಾಯಿಲೆಯಿಂದ ಹೋದ ನಾಯಿಯ ವಿಷಯದಲ್ಲಿ ನೋವಿನ ಜೊತೆಗೆ ತಪ್ಪಿತಸ್ಥ ಭಾವವೂ ಸೇರಿಕೊಳ್ಳುತ್ತದೆ. ಇನ್ನೆರಡು ದಿನ ಮೊದಲೇ ಆಸ್ಪತ್ರೆಗೆ ಒಯ್ದಿದ್ದರೆ? ದಯಾಮರಣಕ್ಕೆ ಒಪ್ಪಿದ್ದು ಸರಿಯೇ? ನಾಯಿ ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೂತ್ರಪಿಂಡದ ಬಹುಭಾಗ ಕೆಟ್ಟ ಮೇಲಷ್ಟೇ ಅದರ ಕಾಯಿಲೆ ಹೊರಗೆ ಕಾಣಿಸುತ್ತದೆ. ದಯಾಮರಣದಲ್ಲಿ ವೈದ್ಯರು ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಮಕ್ಕಳಿಗೆ ‘ಮಲಗಿದೆ’, ‘ಊರಿಗೆ ಹೋಗಿದೆ’ ಎನ್ನದೆ ಸತ್ತಿದೆ ಎಂದೇ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಅವರು ಬಾಗಿಲು ಕಾಯುತ್ತಲೇ ಇರುತ್ತಾರೆ.

ಮನೆಯಲ್ಲಿ ಎರಡನೆಯ ನಾಯಿ ಇದ್ದರೆ ಅದನ್ನೂ ಗಮನಿಸಬೇಕು. ಕನಿಷ್ಠ ಎರಡು ನಾಯಿಗಳಿದ್ದು ಅವುಗಳಲ್ಲಿ ಒಂದನ್ನು ಕಳೆದುಕೊಂಡ ಇಟಲಿಯ 426 ಮಂದಿಯನ್ನು ಕೇಳಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಉಳಿದ ನಾಯಿಯ ನಡವಳಿಕೆ ಬದಲಾಯಿತು ಎಂದವರು ಶೇ 86. ಹಲವು ನಾಯಿಗಳು ಆಟ, ಊಟ ಕಡಿಮೆ ಮಾಡಿದವು, ಜನರ ಹಿಂದೆ ಹಿಂದೆಯೇ ಸುತ್ತಿದವು. ಊಟದ, ವಾಕಿಂಗಿನ ಹೊತ್ತನ್ನು ತಪ್ಪಿಸದಿರುವುದೇ ಅಂಥ ನಾಯಿಗೆ ಕೊಡಬಹುದಾದ ದೊಡ್ಡ ಆಸರೆ.

ಸಿನಿಮಾದಲ್ಲಿ ಚಾರ್ಲಿ ಹೋಗುವಾಗ ಮರಿಯೊಂದನ್ನು ಉಳಿಸಿ ಹೋಗುತ್ತದೆ. ನಿಜದ ಮನೆಗಳಲ್ಲಿ ‘ಯಾವಾಗ ತರೋಣ’ ಎಂಬ ಪ್ರಶ್ನೆ ಏಳುತ್ತದೆ. ಮನಸ್ಸು ಒಪ್ಪಿದಾಗ ಎಂಬುದು ಅರ್ಧ ಉತ್ತರ ಮಾತ್ರ. ಹೋದ ನಾಯಿ ಯಾವ ಕಾಯಿಲೆಯಿಂದ ಹೋಯಿತು ಎಂಬುದರಲ್ಲಿ ಇನ್ನರ್ಧವಿದೆ.

ಪಾರ್ವೊ ಎಲ್ಲಕ್ಕಿಂತ ಕಠಿಣ. 1978ರ ಹೊತ್ತಿಗೆ ಜಗತ್ತಿನ ಕಣ್ಣಿಗೆ ಬಿದ್ದ ಈ ವೈರಸ್ ವಾಂತಿ, ರಕ್ತಭೇದಿ ತಂದು ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ನಾಯಿ ಹೋದ ಮೇಲೂ ಅಂಗಳದ ನೆರಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ದಿನಬಳಕೆಯ ಅನೇಕ ನೆಲ ಒರೆಸುವ ದ್ರಾವಣಗಳಿಗೆ ಅದು ಜಗ್ಗುವುದಿಲ್ಲ. ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಬೇಕು. ಹಳೆಯ ಹಾಸಿಗೆ, ಬಟ್ಟಲುಗಳನ್ನು ಹೊಸ ಮರಿಗೆ ಕೊಡಬಾರದು. ಮಣ್ಣನ್ನು ಹೀಗೆ ತೊಳೆಯಲಾಗದು. ಆದ್ದರಿಂದ ಅಂಥ ಮನೆಗೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನು ತರುವುದು ಕ್ಷೇಮ. ಡಿಸ್ಟೆಂಪರ್ ವೈರಸ್ ಅಷ್ಟೇ ಮಾರಕ, ಆದರೆ ಬಿಸಿಲಿಗೆ, ಸೋಪಿಗೆ ಬೇಗ ಸಾಯುತ್ತದೆ.

ಉಣ್ಣೆಯಿಂದ ಬರುವ ಜ್ವರದ ಲೆಕ್ಕ ಬೇರೆ. ಕಂದು ಉಣ್ಣೆ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ರಕ್ತ ಸಿಗದಿದ್ದರೂ ಎಷ್ಟೋ ತಿಂಗಳು ಕಾದು ಕೂರುತ್ತದೆ. ನಾಯಿ ಹೋಯಿತೆಂದು ಉಣ್ಣೆ ಹೋಗುವುದಿಲ್ಲ. ಹೊಸ ನಾಯಿ ಬರುವ ಮೊದಲೇ ಮನೆಗೆ ಔಷಧಿ ಹೊಡೆಸಬೇಕು, ಬಂದ ದಿನದಿಂದ ಉಣ್ಣೆ ನಿವಾರಕ ಶುರುವಾಗಬೇಕು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್‌ನಿಂದ ನಾಯಿ ಸತ್ತಿದ್ದರೆ ಮನೆಯವರೂ ವೈದ್ಯರನ್ನು ಕಾಣಬೇಕು, ಇಲಿ ಸುಳಿಯದಂತೆ ನೋಡಿಕೊಳ್ಳಬೇಕು. ರೇಬೀಸ್ ಶಂಕೆಯಿದ್ದರೆ ಕಚ್ಚಿಸಿಕೊಂಡವರು, ಗಾಯಕ್ಕೆ ಜೊಲ್ಲು ತಾಗಿದವರು ಅದೇ ದಿನ ಚುಚ್ಚುಮದ್ದು ಪಡೆಯಬೇಕು. ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಬಹುತೇಕ ಕ್ಯಾನ್ಸರ್‌ಗಳು ಅಂಟುವಂಥವಲ್ಲ. ಅಲ್ಲಿ ಕಾಯಬೇಕಾದ್ದು ಮನಸ್ಸಿಗಾಗಿ ಮಾತ್ರ.

ಹಾಗೆ ಕಾದ ಮೇಲೆ ಬರುವ ನಾಯಿಯನ್ನು ಅದರದೇ ಹೆಸರಿನಿಂದ ಕರೆಯಬೇಕು. ಹೋದ ನಾಯಿಯದೇ ತಳಿ, ಅದೇ ಬಣ್ಣ ಹುಡುಕಿ ಅದೇ ಹೆಸರಿಟ್ಟರೆ ಹೊಸದು ದಿನವೂ ಹೋಲಿಕೆಗೆ ಸಿಕ್ಕಿ ಸೋಲುತ್ತದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು, ಸಾಕಿದವರು ಬಿಟ್ಟುಹೋದ ದೊಡ್ಡ ನಾಯಿಗಳಿಗೂ ಬೀದಿಯ ಮರಿಗಳಿಗೂ ಮನೆ ಹುಡುಕುತ್ತವೆ. ದೊಡ್ಡ ನಾಯಿಯ ಸ್ವಭಾವವನ್ನು ಮೊದಲೇ ನೋಡಿ ತಿಳಿಯಬಹುದು. ದುಃಖದಲ್ಲಿರುವ ಮನೆಗೆ ರಾತ್ರಿಯೆಲ್ಲ ಕೂಗುವ ಮರಿಗಿಂತ ಅದು ಹೊಂದಿಕೆಯಾಗುವುದುಂಟು. ಮರಿಯೇ ಬೇಕೆಂದರೆ ಎಂಟು ವಾರ ತುಂಬುವವರೆಗೆ ತಾಯಿಯಿಂದ ಬೇರ್ಪಡಿಸಬಾರದು. ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗುವ ಲಸಿಕೆ ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೂ ನಡೆಯಬೇಕು. ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದ, ಅದು ಕರಗುವವರೆಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಎರಡು ಡೋಸ್ ಆಯಿತೆಂದು ನಿಲ್ಲಿಸಿದ ಮರಿಗಳು ಪಾರ್ವೊಗೆ ಸಿಗುವುದು ಹೀಗೆಯೇ. ಹೊಸ ನಾಯಿಯ ಮೊದಲ ಭೇಟಿಗೆ ತೀರಿಕೊಂಡ ನಾಯಿಯ ಚಿಕಿತ್ಸೆಯ ಚೀಟಿಗಳನ್ನೂ ಒಯ್ದರೆ, ಈ ಮನೆಯಲ್ಲಿ ಯಾವುದರ ಮೇಲೆ ಕಣ್ಣಿಡಬೇಕೆಂದು ಪಶುವೈದ್ಯರು ಅಲ್ಲೇ ಹೇಳಬಲ್ಲರು.